ದೊಡ್ಡಮ್ಮನ ಕನ್ನಡಕ ಯಾರ ಹತ್ತಿರ ಇತ್ತು?

ಆಟಿ ತಿಂಗಳ ಮಳೆ. ಉಡುಪಿಯ ನಮ್ಮ ಹಳೇ ಮನೆಯ ಮುರಕಲ್ಲಿನ ಮೆಟ್ಟಿಲಿಗೆ ಹಸಿರು ಪಾಚಿ ಹತ್ತಿತ್ತು. ತುಳಸಿಗೆ ನೀರು ಹಾಕಲು ಹೋದ ದೊಡ್ಡಮ್ಮ ಜಾರಿ ಬಿದ್ದರು. ಅಂಥ ಮಳೆಯಲ್ಲಿ ತುಳಸಿಗೆ ನೀರು ಯಾಕೆ ಎಂದು ಆಮೇಲೆ ಎಲ್ಲರೂ ಕೇಳಿದರು. ಅಭ್ಯಾಸ, ಅಷ್ಟೇ. ವಯಸ್ಸು 78. ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಆಪರೇಷನ್ ಆಗಲೇಬೇಕು ಎಂದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮ ಮನೆಯವರ ಸಭೆ ಕೂಡಿತು. ಮಾವನದ್ದು ಒಂದೇ ಹಠ: "ಬೆನ್ನಿಗೆ ಸೂಜಿ ಬೇಡ ಮಾರಾಯ್ರೆ, ಮತ್ತೆ ಜೀವಮಾನ ಬೆನ್ನುನೋವು." ಚಿಕ್ಕಮ್ಮನದ್ದು ಇನ್ನೊಂದು: "ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಈ ಪ್ರಾಯದಲ್ಲಿ ಏಳುವುದುಂಟಾ?" ಮುಂಬೈಯಿಂದ ಫೋನು, ದುಬೈಯಿಂದ ಫೋನು. ಎರಡು ಗಂಟೆ ಇದೇ ಚರ್ಚೆ. ಕೊನೆಗೆ ಅರಿವಳಿಕೆ ಡಾಕ್ಟರ್ ಬಂದು, ಫೈಲ್ ನೋಡಿ, ಬೆನ್ನಿಗೇ ಕೊಡುತ್ತೇನೆ ಎಂದರು. ಆಪರೇಷನ್ ಚೆನ್ನಾಗಿಯೇ ಆಯಿತು.

ಆ ರಾತ್ರಿ ಎರಡು ಗಂಟೆಗೆ ದೊಡ್ಡಮ್ಮ ಕೈಯ ಡ್ರಿಪ್ ಕಿತ್ತು ಬಿಸಾಡಿದರು. ಸೀಲಿಂಗಿನಲ್ಲಿ ಯಾರೋ ಮೀನು ಒಣಗಲು ಹಾಕಿದ್ದಾರೆ ಎಂದರು. ಜೀವಮಾನದಲ್ಲಿ ಒಮ್ಮೆಯೂ ಗಂಡನ ಹೆಸರು ಬಾಯಲ್ಲಿ ಹೇಳದವರು, ತೀರಿಹೋಗಿ ಹತ್ತು ವರ್ಷವಾದ ದೊಡ್ಡಪ್ಪನನ್ನು ಹೆಸರು ಹಿಡಿದು ಕರೆದರು. ನನ್ನ ಮುಖ ನೋಡಿದರು, ಗುರುತು ಸಿಗಲಿಲ್ಲ. ಕನ್ನಡಕ ಇಲ್ಲದೆ ಅವರಿಗೆ ಎರಡು ಅಡಿ ದೂರದ್ದೂ ಮಸುಕು. ಆ ಕನ್ನಡಕ ಥಿಯೇಟರಿಗೆ ಹೋಗುವಾಗ ತೆಗೆದು ಕೊಟ್ಟಿದ್ದು, ಯಾರದೋ ಕೈಚೀಲದೊಳಗೆ ಸೇರಿ, ಆಗ ಮನೆಯಲ್ಲಿ ಕೂತಿತ್ತು.

ನಾನು ವೈದ್ಯ ಅಲ್ಲ. ಆ ರಾತ್ರಿಯ ನಂತರ ಸುಮಾರು ಓದಿದೆ, ಗೊತ್ತಿದ್ದವರನ್ನು ಕೇಳಿದೆ. ನಾವು ಎರಡು ಗಂಟೆ ಜಗಳಾಡಿದ ಪ್ರಶ್ನೆಗೆ ಸಂಶೋಧಕರು ಕಂಡುಕೊಂಡ ಉತ್ತರ "ಹೆಚ್ಚುಕಡಿಮೆ ಎರಡೂ ಸಮ". ವ್ಯತ್ಯಾಸ ಇದ್ದದ್ದು ನಾವು ಯಾರೂ ಕೇಳದ ಚಿಲ್ಲರೆ ವಿಷಯಗಳಲ್ಲಿ.

ಒಂದು ಲೈನ್ ಬಂದ್, ಅಥವಾ ಇಡೀ ಸಬ್‌ಸ್ಟೇಷನ್

ಮೊದಲು ಈ ಎರಡು ಅರಿವಳಿಕೆಗಳು ಏನು ಮಾಡುತ್ತವೆ ನೋಡೋಣ. 1846ರ ಅಕ್ಟೋಬರ್ 16ರಂದು ಬೋಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಉಸಿರಾಡಿಸಿ ಎಲ್ಲರೆದುರು ನೋವಿಲ್ಲದ ಆಪರೇಷನ್ ಸಾಧ್ಯ ಎಂದು ತೋರಿಸಿದ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಶುರುವಾದದ್ದು 1848ರಲ್ಲಿ. ಅಂದರೆ ನಮ್ಮ ಜಿಲ್ಲಾಸ್ಪತ್ರೆಯೂ ಅರಿವಳಿಕೆಯೂ ಹತ್ತಿರ ಹತ್ತಿರ ಒಂದೇ ಪ್ರಾಯದವು.

ಈಗ ಪೂರ್ತಿ ಅರಿವಳಿಕೆಗೆ ಹೆಚ್ಚಾಗಿ ಬಳಸುವುದು ಪ್ರೊಪೊಫಾಲ್. 1986ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ನೋಡಲು ಥೇಟ್ ಹಾಲು, ಯಾಕೆಂದರೆ ಅದನ್ನು ಸೋಯಾ ಎಣ್ಣೆಯಲ್ಲಿ ಬೆರೆಸಿರುತ್ತಾರೆ. ಮಿದುಳಿನ ಜೀವಕೋಶಗಳಿಗೆ ಸಹಜವಾದ ಒಂದು ಬ್ರೇಕ್ ಇದೆ, ಗಾಬಾ ಎಂಬ ರಾಸಾಯನಿಕದ್ದು. ಪ್ರೊಪೊಫಾಲ್ ಆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತದೆ. ಇದನ್ನು ನಿದ್ದೆ ಎಂದು ಹೇಳುವುದು ರೋಗಿಗೆ ಧೈರ್ಯ ಬರಲಿ ಎಂದು ಮಾತ್ರ. ನಿದ್ದೆಯಲ್ಲಿರುವವರನ್ನು ಚಿವುಟಿದರೆ ಏಳುತ್ತಾರೆ. ಇಲ್ಲಿ ಹೊಟ್ಟೆ ಕುಯ್ದರೂ ಏಳುವುದಿಲ್ಲ. ಉಸಿರಾಟವೂ ನಿಲ್ಲಬಹುದು, ಅದನ್ನು ಯಂತ್ರ ನೋಡಿಕೊಳ್ಳುತ್ತದೆ. ಅದಕ್ಕೇ ಅರಿವಳಿಕೆ ಡಾಕ್ಟರ್ ಇಂಜೆಕ್ಷನ್ ಕೊಟ್ಟು ಹೊರಟುಹೋಗುವುದಲ್ಲ. ಕೊನೆಯ ಹೊಲಿಗೆಯವರೆಗೂ ತಲೆಯ ಪಕ್ಕ ನಿಂತು ಉಸಿರು, ರಕ್ತದೊತ್ತಡ, ಎದೆಬಡಿತ ನೋಡುತ್ತಲೇ ಇರುತ್ತಾರೆ. ಬಿಲ್ಲಿನಲ್ಲಿ ಸರ್ಜನ್ ಹೆಸರಿನ ಕೆಳಗೆ ಇವರ ಹೆಸರು ನೋಡಿ "ಒಂದು ಇಂಜೆಕ್ಷನ್ನಿಗೆ ಇಷ್ಟಾ?" ಎಂದು ನಮ್ಮ ಮಾವನೂ ಕೇಳಿದ್ದುಂಟು.

ಮಧ್ಯದಲ್ಲಿ ಎಚ್ಚರ ಆದರೆ ಎಂಬ ಹೆದರಿಕೆ ಬಹಳ ಜನರಿಗಿದೆ. ಬ್ರಿಟನ್ ಮತ್ತು ಐರ್ಲೆಂಡಿನ ಆಸ್ಪತ್ರೆಗಳಿಂದ ಬಂದ ದೂರುಗಳನ್ನು ಒಟ್ಟುಮಾಡಿ 2014ರಲ್ಲಿ ಒಂದು ದೊಡ್ಡ ವರದಿ ಬಂತು. ಪೂರ್ತಿ ಅರಿವಳಿಕೆ ಪಡೆದ ಸುಮಾರು 19,000 ಜನರಲ್ಲಿ ಒಬ್ಬರು ಹಾಗೆ ಎಚ್ಚರವಾಯಿತು ಎಂದು ಹೇಳಿಕೊಂಡಿದ್ದರು.

ಬೆನ್ನಿನ ಸೂಜಿಯದ್ದು ಬೇರೆ ದಾರಿ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಮೊದಲು ಮಾಡಿದ್ದು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅದರ ಕೆಳಗೆ ನೀರಿನಂಥ ದ್ರವದಲ್ಲಿ ಕುದುರೆ ಬಾಲದ ಕೂದಲಿನ ಹಾಗೆ ನರಗಳು ತೇಲುತ್ತಿರುತ್ತವೆ. ಸೂಜಿ ಹೋಗುವುದು ಆ ಕೆಳಗಿನ ಜಾಗಕ್ಕೆ. ಮದ್ದು ಆ ನರಗಳ ಸಂದೇಶ ತಡೆಯುತ್ತದೆ. ಮಳೆಗಾಲದಲ್ಲಿ ಲೈನ್‌ಮ್ಯಾನ್ ನಮ್ಮ ಬೀದಿಯ ಲೈನ್ ಮಾತ್ರ ಬಂದ್ ಮಾಡುತ್ತಾನಲ್ಲ, ಹಾಗೆ. ಪಕ್ಕದ ಬೀದಿಯಲ್ಲಿ ಟಿವಿ ಓಡುತ್ತಿರುತ್ತದೆ. ಪೂರ್ತಿ ಅರಿವಳಿಕೆ ಅಂದರೆ ಸಬ್‌ಸ್ಟೇಷನ್ನೇ ಬಂದ್.

ಮಾವನ ಬೆನ್ನುನೋವಿನ ವಾದ ಏನಾಯಿತು? ಸಿಸೇರಿಯನ್ ಆದ ಅರ್ಧದಷ್ಟು ಹೆಂಗಸರು ನಮ್ಮ ಕಡೆ ಹೇಳುವ ಮಾತೇ ಅದು. ಹೆರಿಗೆ ನೋವಿಗೆ ಬೆನ್ನಿಗೆ ಮದ್ದು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಎರಡೂ ಗುಂಪಿನಲ್ಲಿ ದೀರ್ಘಕಾಲದ ಬೆನ್ನುನೋವು ಹೆಚ್ಚುಕಡಿಮೆ ಅಷ್ಟೇ ಇತ್ತು. ಒಂಬತ್ತು ತಿಂಗಳು ಹೊಟ್ಟೆ ಹೊತ್ತು, ಆಮೇಲೆ ಮಗುವನ್ನು ಸೊಂಟದಲ್ಲಿ ಹೊತ್ತು, ಬಾವಿಯ ಕೊಡಪಾನ ಎತ್ತಿದರೆ ಬೆನ್ನು ನೋಯದೇ ಇರುತ್ತದಾ? ಬೆನ್ನಿನ ಸೂಜಿಯಿಂದ ತಲೆನೋವು ಬರುತ್ತದೆ ಎಂಬ ಮಾತು ಮಾತ್ರ ನಿಜ. ಸೂಜಿ ಮಾಡಿದ ತೂತಿನಿಂದ ದ್ರವ ಸೋರಿದರೆ ಕೂತಾಗ ತಲೆ ಸಿಡಿಯುತ್ತದೆ, ಮಲಗಿದರೆ ಕಡಿಮೆ. ಅದಕ್ಕೂ ಸೂಜಿಯ ಆಕಾರದಲ್ಲೇ ಪರಿಹಾರ ಸಿಕ್ಕಿದೆ. ಬೆನ್ನಿನ ದ್ರವದ ಜಾಗಕ್ಕೆ ಚುಚ್ಚಲು ಹರಿತ ತುದಿಯ ಸೂಜಿ ಬಳಸಿದಾಗ ಶೇ. 11ರಷ್ಟು ಜನರಿಗೆ ಈ ತಲೆನೋವು ಬಂದರೆ, ಪೆನ್ಸಿಲ್ ತುದಿಯಂಥ ಸೂಜಿಯಲ್ಲಿ ಶೇ. 4ರ ಆಸುಪಾಸು. 110 ಪ್ರಯೋಗಗಳನ್ನು ಕೂಡಿಸಿ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕ ಇದು.

ನಾಣ್ಯ ಚಿಮ್ಮಿ ನೋಡಿದ್ದು

ಮುದುಕರಿಗೆ ಬೆನ್ನಿನ ಸೂಜಿಯೇ ಒಳ್ಳೆಯದು ಎಂದು ಡಾಕ್ಟರುಗಳಲ್ಲೂ ಬಹಳ ಜನ ನಂಬಿದ್ದರು. ಹಳೇ ಫೈಲುಗಳನ್ನು ನೋಡಿದರೆ ಕೆಲವು ಸಲ ಹಾಗೇ ಕಾಣುತ್ತಿತ್ತು. ಆದರೆ ಹಳೇ ಫೈಲಿನಲ್ಲಿ ಒಂದು ಮೋಸ ಅಡಗಿರುತ್ತದೆ. ಯಾರಿಗೆ ಯಾವುದು ಎಂದು ಡಾಕ್ಟರ್ ಆರಿಸಿರುತ್ತಾರೆ. ಗಟ್ಟಿ ಇದ್ದವರಿಗೆ ಒಂದು, ಎದೆ ದುರ್ಬಲ ಇದ್ದವರಿಗೆ ಇನ್ನೊಂದು ಕೊಟ್ಟಿದ್ದರೆ, ಕೊನೆಗೆ ನೀವು ಹೋಲಿಸುವುದು ಮದ್ದನ್ನಾ, ರೋಗಿಗಳನ್ನಾ? ಇದಕ್ಕೆ ಒಂದೇ ಉಪಾಯ, ನಾಣ್ಯ ಚಿಮ್ಮುವುದು. ಹೆಡ್ ಬಿದ್ದರೆ ಬೆನ್ನಿಗೆ, ಟೇಲ್ ಬಿದ್ದರೆ ಪೂರ್ತಿ. ಈಗ ಅದನ್ನು ಕಂಪ್ಯೂಟರ್ ಮಾಡುತ್ತದೆ.

ಅಮೆರಿಕ ಮತ್ತು ಕೆನಡಾದ 46 ಆಸ್ಪತ್ರೆಗಳಲ್ಲಿ ಸೊಂಟ ಮುರಿದ 1,600 ಜನರನ್ನು ಹೀಗೆ ಹಂಚಿದರು. ರೀಗೇನ್ ಎಂದು ಆ ಪ್ರಯೋಗದ ಹೆಸರು. 2021ರಲ್ಲಿ ಫಲಿತಾಂಶ ಬಂತು. ಅದರಲ್ಲಿದ್ದವರ ಸರಾಸರಿ ವಯಸ್ಸು 78. ದೊಡ್ಡಮ್ಮನ ವಯಸ್ಸೇ! 60 ದಿನ ಕಳೆದ ಮೇಲೆ ಎಷ್ಟು ಜನ ತೀರಿಹೋಗಿದ್ದರು ಅಥವಾ ಕೋಣೆಯೊಳಗೆ ನಾಲ್ಕು ಹೆಜ್ಜೆ ತಾವೇ ನಡೆಯಲಾರದೆ ಇದ್ದರು ಎಂದು ಎಣಿಸಿದರು. ಬೆನ್ನಿಗೆ ಪಡೆದವರಲ್ಲಿ ಶೇ. 18.5. ಪೂರ್ತಿ ಪಡೆದವರಲ್ಲಿ ಶೇ. 18. ಆಪರೇಷನ್ ಆದ ಮೇಲೆ ಗೊಂದಲಕ್ಕೆ ಬಿದ್ದವರು ಎರಡೂ ಕಡೆ ಐವರಲ್ಲಿ ಒಬ್ಬರು.

ಈ ಪ್ರಯೋಗದಲ್ಲಿ ಬೆನ್ನಿಗೆ ಪಡೆದವರಿಗೂ ಮಂಪರಿನ ಮದ್ದು ಕೊಟ್ಟಿದ್ದರಲ್ಲ, ಅದರಿಂದಲೇ ವ್ಯತ್ಯಾಸ ಮುಚ್ಚಿಹೋಯಿತು ಎಂದು ಕೆಲವರು ಹೇಳಿದರು. ಮರುವರ್ಷ ಚೀನಾದಿಂದ ಉತ್ತರ ಬಂತು. 65 ದಾಟಿದ 950 ಜನ, ಬೆನ್ನಿಗೆ ಪಡೆದವರಿಗೆ ಮಂಪರು ಏನೂ ಇಲ್ಲ. ಗೊಂದಲ ಬಂದವರು ಬೆನ್ನಿನ ಗುಂಪಿನಲ್ಲಿ ಶೇ. 6.2, ಪೂರ್ತಿ ಗುಂಪಿನಲ್ಲಿ ಶೇ. 5.1. ಅಂಥ ದೊಡ್ಡ ವ್ಯತ್ಯಾಸವೇನಲ್ಲ.

ಇದು ಗುಂಪಿನ ಲೆಕ್ಕ. ಒಬ್ಬೊಬ್ಬರ ಲೆಕ್ಕ ಬೇರೆ ಇರಬಹುದು. ರಕ್ತ ತೆಳು ಮಾಡುವ ಕೆಲವು ಮಾತ್ರೆ ತಿನ್ನುವವರ ಬೆನ್ನಿಗೆ ಚುಚ್ಚಿದರೆ ಒಳಗೆ ರಕ್ತ ಕಟ್ಟಿ ನರ ಒತ್ತಬಹುದು. ಶ್ವಾಸಕೋಶ ತೀರಾ ಕೆಟ್ಟವರಿಗೆ ಪೂರ್ತಿ ಅರಿವಳಿಕೆ ಕಷ್ಟವಾಗಬಹುದು. ಆ ಲೆಕ್ಕ ಹಾಕುವುದಕ್ಕೇ ಡಾಕ್ಟರ್ ಇರುವುದು. ಮುಂಬೈಯಿಂದ ಫೋನು ಮಾಡುವ ಭಾವ ಅಲ್ಲ.

ಪೂರ್ತಿ ಅರಿವಳಿಕೆಯನ್ನು ಹಗುರವಾಗಿ ಕೊಡಬೇಕಾ, ಆಳವಾಗಿ ಕೊಡಬೇಕಾ ಎಂಬುದೂ ಇಂಥದೇ ದೊಡ್ಡ ಪ್ರಶ್ನೆಯಾಗಿತ್ತು. ಹಣೆಗೆ ಪಟ್ಟಿ ಅಂಟಿಸಿ ಮಿದುಳಿನ ಅಲೆ ನೋಡಿ ಆಳ ಅಳೆಯುವ ಯಂತ್ರ ಈಗ ಇದೆ. ಏಳು ದೇಶಗಳ 6,644 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಒಂದು ವರ್ಷದೊಳಗೆ ತೀರಿಹೋದವರು ಹಗುರದಲ್ಲಿ ಶೇ. 6.5, ಆಳದಲ್ಲಿ ಶೇ. 7.2. ಆಕಸ್ಮಿಕ ಎಂದು ತಳ್ಳಿಹಾಕಬಹುದಾದಷ್ಟೇ ಅಂತರ. ಗೊಂದಲದ ವಿಷಯದಲ್ಲಿ ಕೆಲವು ಅಧ್ಯಯನ ಹಗುರವೇ ವಾಸಿ ಎಂದವು, ಕೆಲವು ಇಲ್ಲ ಎಂದವು.

ಸನ್ನಿ

ಆ ರಾತ್ರಿ ದೊಡ್ಡಮ್ಮನಿಗೆ ಆದದ್ದಕ್ಕೆ ಡಾಕ್ಟರುಗಳು ಡೆಲಿರಿಯಮ್ ಎನ್ನುತ್ತಾರೆ. ಮೇಲಿನ ಪ್ರಯೋಗಗಳಲ್ಲಿ ಗೊಂದಲ ಎಂದು ನಾನು ಹೇಳಿದ್ದೂ ಇದನ್ನೇ. ನಮ್ಮ ಹಳಬರ ಹತ್ತಿರ ಇದಕ್ಕೆ ಚಂದದ ಪದ ಇತ್ತು: ಸನ್ನಿ. ವಾರ್ಡಿನಲ್ಲಿ ಎಲ್ಲರ ತೀರ್ಮಾನ ಒಂದೇ: ಅರಿವಳಿಕೆ ತಲೆಗೇರಿದೆ. ಕೊಟ್ಟದ್ದು ಬೆನ್ನಿಗೆ, ತಲೆಗೇರಿದ್ದು ಹೇಗೆ? ಅದನ್ನು ಯಾರೂ ಕೇಳಲಿಲ್ಲ. ಬೆಳಿಗ್ಗೆ ಇನ್ನೊಬ್ಬರು "ಇದು ಮರೆವಿನ ಕಾಯಿಲೆಯ ಶುರು" ಎಂದು ಹೆದರಿಸಿದರು.

ಎರಡೂ ಅಲ್ಲ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನಕ್ಕೆ ಬರುತ್ತದೆ. ಸನ್ನಿ ಗಂಟೆಗಳಲ್ಲಿ ಬರುತ್ತದೆ, ಬೆಳಿಗ್ಗೆ ಸರಿ ಇದ್ದು ಸಂಜೆ ಕೆಡುತ್ತದೆ, ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಮೊದಲೇ ಸ್ವಲ್ಪ ಮರೆವು ಇದ್ದವರಿಗೆ ಇದು ಬೇಗ ಹಿಡಿಯುತ್ತದೆ ಎಂಬುದು ನಿಜ. ವಯಸ್ಸಾದ ಮಿದುಳಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಮೂಳೆ ಮುರಿದ ನೋವು, ಆಪರೇಷನ್ನಿನಿಂದ ಮೈಯಲ್ಲೆಲ್ಲ ಏಳುವ ಉರಿಯೂತ, ನಿದ್ದೆಗೇಡು, ಬಾಯಾರಿಕೆ, ಮೂತ್ರದ ನಳಿಗೆ, ಗುರುತಿಲ್ಲದ ಜಾಗ, ಎಲ್ಲ ಸೇರಿ ಒಂದೇ ರಾತ್ರಿ ಮೇಲೆ ಬೀಳುತ್ತವೆ. ಅದರ ಮೇಲೆ "ಪಾಪ, ನಿದ್ದೆ ಬರಲಿ" ಎಂದು ನಾವೇ ಕೇಳಿ ಕೊಡಿಸುವ ನಿದ್ದೆ ಮಾತ್ರೆ. ಆ ಮಾತ್ರೆಗಳಲ್ಲಿ ಕೆಲವು, ಅಲರ್ಜಿಗೆ ಕೊಡುವ ಹಳೇ ಕಾಲದ ಕೆಲವು ಮದ್ದುಗಳೂ ಸಹ, ಸನ್ನಿಯನ್ನು ಕರೆದು ತರುತ್ತವೆ.

ಕೂಗಾಡುವ ಸನ್ನಿ ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಸುಮ್ಮನಿರುವ ಸನ್ನಿ ಇದೆ. ಕರೆದರೆ ತಡವಾಗಿ ಕಣ್ಣು ಬಿಡುತ್ತಾರೆ, ಅರ್ಧ ಮಾತಾಡಿ ಬಿಡುತ್ತಾರೆ, ಗೋಡೆ ನೋಡುತ್ತಾ ಮಲಗಿರುತ್ತಾರೆ. "ಅಜ್ಜಿ ಎಷ್ಟು ಪಾಪ, ಒಂದು ತೊಂದರೆ ಇಲ್ಲ" ಎಂದು ಮನೆಯವರೂ ಹೊಗಳುತ್ತಾರೆ. ನಿಜಕ್ಕೂ ಹೆದರಬೇಕಾದದ್ದು ಇದಕ್ಕೆ, ಯಾಕೆಂದರೆ ಯಾರೂ ಡಾಕ್ಟರಿಗೆ ಹೇಳುವುದಿಲ್ಲ.

ಪತ್ತೆಗೆ ಎರಡು ನಿಮಿಷದ ಪರೀಕ್ಷೆಗಳಿವೆ. ವಯಸ್ಸೆಷ್ಟು, ಇದು ಯಾವ ಜಾಗ, ಈಗ ಯಾವ ವರ್ಷ, ಡಿಸೆಂಬರಿನಿಂದ ತಿಂಗಳುಗಳನ್ನು ಹಿಂದಕ್ಕೆ ಹೇಳಿ, ಹೀಗೆ. ದೊಡ್ಡಮ್ಮನನ್ನು ಬೆಳಿಗ್ಗೆ ಒಬ್ಬ ಎಳೆಯ ಡಾಕ್ಟರ್ ತಿಂಗಳು ಯಾವುದು ಎಂದು ಕೇಳಿದ, ಅದೂ ಅರೆಬರೆ ಕನ್ನಡದಲ್ಲಿ. ಹುಡುಗನ ಊರು ಎಲ್ಲೋ ಉತ್ತರದ್ದು. ಅವರು "ಆಟಿ" ಎಂದರು. ಅವನು ಏನೋ ಗೀಚಿಕೊಂಡ. ಉತ್ತರ ಸರಿಯಾಗಿಯೇ ಇತ್ತು ಎಂದು ನಾನು ಹೇಳಬೇಕಾಯಿತು! ಪಗ್ಗುವಿನಿಂದ ಸುಗ್ಗಿಯವರೆಗೆ ಹನ್ನೆರಡೂ ತಿಂಗಳು ಅವರಿಗೆ ಬಾಯಿಪಾಠ. ಡಿಸೆಂಬರ್, ನವೆಂಬರ್ ಎಂದರೆ ಚೆನ್ನಾಗಿದ್ದಾಗಲೂ ತಡವರಿಸುತ್ತಾರೆ. ತುಳು ಆಡುವ ಅಜ್ಜಿಯನ್ನು ತುಳುವಿನಲ್ಲಿ ಕೇಳಬೇಕು, ಕೊಂಕಣಿ ಆಡುವವರನ್ನು ಕೊಂಕಣಿಯಲ್ಲಿ. ಮಂಗಳೂರು, ಮಣಿಪಾಲದಂಥ ಕಡೆ ಡಾಕ್ಟರುಗಳು ದೇಶದ ಮೂಲೆಮೂಲೆಯಿಂದ ಬಂದಿರುತ್ತಾರೆ. ಈ ಕೆಲಸಕ್ಕೆ ಪಕ್ಕದಲ್ಲಿ ನಿಂತ ಮನೆಯವರೇ ಸರಿ.

ಈಗ ಕನ್ನಡಕದ ವಿಷಯಕ್ಕೆ ಬರುತ್ತೇನೆ. 1999ರಲ್ಲಿ ಶರಾನ್ ಇನೋಯೆ ಎಂಬ ಅಮೆರಿಕದ ವೈದ್ಯೆ ಒಂದು ಅಧ್ಯಯನ ಪ್ರಕಟಿಸಿದರು. ಆಪರೇಷನ್ನಿನವರಲ್ಲ, ಸಾಮಾನ್ಯ ವಾರ್ಡಿಗೆ ಸೇರಿದ 70 ದಾಟಿದ 852 ಜನ. ಅರ್ಧದಷ್ಟು ಜನರಿಗೆ ಮಾಮೂಲಿ ಆರೈಕೆ. ಉಳಿದವರಿಗೆ ಮಾಡಿದ್ದು ಇಷ್ಟು: ಕನ್ನಡಕ ಹಾಕಿಸಿದರು, ಕಿವಿಯ ಯಂತ್ರ ಹಾಕಿಸಿದರು, ನೀರು ಕುಡಿಸಿದರು, ಇವತ್ತು ಯಾವ ವಾರ ಎಂದು ಹೇಳಿ ಮಾತಾಡಿಸಿದರು, ಬೇಗ ನಡೆಸಿದರು, ರಾತ್ರಿ ಮಾತ್ರೆಯ ಬದಲು ಬಿಸಿ ಪಾನೀಯ ಕೊಟ್ಟು ಬೆನ್ನು ನೀವಿ ಮಲಗಿಸಿದರು. ಮಾಮೂಲಿ ಗುಂಪಿನಲ್ಲಿ ಸನ್ನಿ ಬಂದವರು ಶೇ. 15. ಈ ಗುಂಪಿನಲ್ಲಿ ಶೇ. 9.9. ಮದ್ದಿನ ಕಂಪನಿಯೊಂದು ಇಂಥ ಮಾತ್ರೆ ಕಂಡುಹಿಡಿದಿದ್ದರೆ ಊರೆಲ್ಲ ಬೋರ್ಡ್ ಹಾಕುತ್ತಿತ್ತು.

2020ರಲ್ಲಿ ಚೀನಾದ ಚೆಂಗ್ದುವಿನಲ್ಲಿ ಇದನ್ನೇ ಆಪರೇಷನ್ ಆದವರ ಮೇಲೆ ಮಾಡಿ ನೋಡಿದರು, ಒಂದು ಬದಲಾವಣೆಯೊಂದಿಗೆ. ನರ್ಸುಗಳ ಜೊತೆ ಮನೆಯವರನ್ನೂ ಕೆಲಸಕ್ಕೆ ಹಚ್ಚಿದರು. 281 ಜನ, ಎಲ್ಲರೂ 70 ದಾಟಿದವರು. ಮಾಮೂಲಿ ಆರೈಕೆಯಲ್ಲಿ ಸನ್ನಿ ಬಂದವರು ಶೇ. 19.4. ಮನೆಯವರು ಕೈಜೋಡಿಸಿದ ಗುಂಪಿನಲ್ಲಿ ಶೇ. 2.6. ಒಂದೇ ಊರಿನ ಅಧ್ಯಯನ, ಎಲ್ಲ ಕಡೆ ಇಷ್ಟೇ ಫಲ ಸಿಗುತ್ತದೆ ಎನ್ನಲು ಬರುವುದಿಲ್ಲ. ಆದರೂ ನನಗೆ ಆ ಸಂಖ್ಯೆ ಮರೆಯಲಾಗುತ್ತಿಲ್ಲ. ಯಾಕೆಂದರೆ ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಒಬ್ಬರು ನಿಲ್ಲುವುದು ಮೊದಲಿನಿಂದಲೂ ಇದೆ. ಬಿಲ್ ಕಟ್ಟುವುದು, ಮೆಡಿಕಲ್ಲಿಗೆ ಓಡುವುದು, ಫ್ಲಾಸ್ಕಿನಲ್ಲಿ ಚಾ ತರುವುದು, ಉಳಿದ ಹೊತ್ತು ಮೊಬೈಲು. ಜನ ಇದ್ದಾರೆ, ಪುಕ್ಕಟೆ ಇದ್ದಾರೆ. ಏನು ಮಾಡಬೇಕು ಎಂದು ಅವರಿಗೆ ಹೇಳಿಕೊಟ್ಟವರಿಲ್ಲ.

ನಾನು ಬೆಳಿಗ್ಗೆ ಮನೆಗೆ ಹೋಗಿ ಕನ್ನಡಕ ತಂದೆ. ಹಾಕಿದ ಕೂಡಲೇ ಸರಿಯಾದರು ಎಂದರೆ ಕಥೆ ಚೆನ್ನಾಗಿರುತ್ತಿತ್ತು. ಮೂರು ದಿನ ಬೇಕಾಯಿತು. ಆದರೆ ಕನ್ನಡಕ ಹಾಕಿಕೊಂಡು ಸೀಲಿಂಗ್ ನೋಡಿ, "ಮೀನು ತೆಗೆದರಾ?" ಎಂದು ಕೇಳಿದರು.

ಮದ್ದಿನಿಂದ ಸನ್ನಿ ತಡೆಯಲು ಆಗುತ್ತದಾ ಎಂದೂ ಹುಡುಕಾಟ ನಡೆದಿದೆ. ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮದ್ದು 2016ರ ಒಂದು ಪ್ರಯೋಗದಲ್ಲಿ ಸನ್ನಿಯನ್ನು ಶೇ. 23ರಿಂದ 9ಕ್ಕೆ ಇಳಿಸಿತ್ತು. ಆಮೇಲೆ ಹೃದಯದ ಆಪರೇಷನ್ ಆದವರಲ್ಲಿ ನೋಡಿದಾಗ ಆ ಲಾಭ ಕಾಣಲಿಲ್ಲ. ಇದಕ್ಕಿಂತ ನೋವು ಬೇಗ ಕಡಿಮೆ ಮಾಡುವುದರಲ್ಲಿ ಜಾಸ್ತಿ ಭರವಸೆ ಕಾಣುತ್ತದೆ. ಮುರಿದ ಸೊಂಟದವರಿಗೆ ಆಪರೇಷನ್ನಿಗೆ ಮೊದಲೇ, ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು ತೊಡೆಸಂದಿಯ ನರದ ಸುತ್ತ ಮದ್ದು ಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಕಾಲು ಅಲುಗಾಡಿಸಿದರೂ ನೋವು ಕಡಿಮೆ. ನಮ್ಮ ಕಡೆ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಕೇಳಿ ನೋಡಬಹುದು. ಬೇಗ ಆಪರೇಷನ್ ಮಾಡಿದರೂ ಅನುಕೂಲ. ಭಾರತವೂ ಸೇರಿ 17 ದೇಶಗಳ 2,970 ಜನರಲ್ಲಿ, 24 ಗಂಟೆಯ ಬದಲು 6 ಗಂಟೆಯೊಳಗೆ ಥಿಯೇಟರಿಗೆ ಒಯ್ದು ನೋಡಿದರು. ಸಾವಿನ ಲೆಕ್ಕ ಬದಲಾಗಲಿಲ್ಲ, ಆದರೆ ಸನ್ನಿ ಕಡಿಮೆಯಾಯಿತು, ಜನ ಬೇಗ ಎದ್ದು ನಿಂತರು.

ಗಂಜಿ, ಚಾ, ಮತ್ತು ಲೋಟದ ಆಚೆಯ ಪೇಪರ್

ದೊಡ್ಡಮ್ಮನಿಗೆ ರಾತ್ರಿ ಹತ್ತರಿಂದ ಒಂದು ತೊಟ್ಟು ನೀರೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಎಂದಿದ್ದ ಆಪರೇಷನ್, ಮಧ್ಯದಲ್ಲಿ ತುರ್ತು ಕೇಸ್ ಬಂದು ಮಧ್ಯಾಹ್ನ ಎರಡಕ್ಕೆ ಹೋಯಿತು. ಹದಿನಾರು ಗಂಟೆ. ತುಟಿ ಒಣಗಿ ಬಿರಿದಿತ್ತು.

ಖಾಲಿ ಹೊಟ್ಟೆ ಯಾಕೆ? ಅರಿವಳಿಕೆ ಏರಿದಾಗ ಗಂಟಲಿನ ಕಾವಲು ಸಡಿಲವಾಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ನ್ಯೂಯಾರ್ಕಿನ ಮೆಂಡೆಲ್ಸನ್ ಎಂಬ ಹೆರಿಗೆ ವೈದ್ಯ 1946ರಲ್ಲಿ 44,016 ಹೆರಿಗೆಗಳ ಲೆಕ್ಕ ಕೊಟ್ಟ. 66 ಮಂದಿಗೆ ಹೀಗಾಗಿತ್ತು. ಸತ್ತವರು ಇಬ್ಬರು, ಇಬ್ಬರಿಗೂ ಗಟ್ಟಿ ಆಹಾರ ಸಿಕ್ಕಿಹಾಕಿಕೊಂಡಿತ್ತು. ಆ ಹೆದರಿಕೆಯಿಂದ "ಮಧ್ಯರಾತ್ರಿಯ ನಂತರ ಏನೂ ಇಲ್ಲ" ಎಂಬ ನಿಯಮ ಹುಟ್ಟಿ ಗಟ್ಟಿಯಾಯಿತು. ನೀರನ್ನೂ ಅನ್ನವನ್ನೂ ಒಂದೇ ತಕ್ಕಡಿಗೆ ಹಾಕಿದರು.

ಹೊಟ್ಟೆ ಹಾಗೆ ಕೆಲಸ ಮಾಡುವುದಿಲ್ಲ. ಕುಡಿದ ನೀರಿನ ಅರ್ಧ ಭಾಗ ಸುಮಾರು ಕಾಲು ಗಂಟೆಯಲ್ಲೇ ಕೆಳಗೆ ಇಳಿದಿರುತ್ತದೆ. ಕೊಬ್ಬಿದ್ದದ್ದು ಗಂಟೆಗಟ್ಟಲೆ ಕೂತಿರುತ್ತದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ಹೇಳಿದ ಲೆಕ್ಕ ಈಗ ಬಹಳ ಕಡೆ ಒಪ್ಪಿತ: ತಿಳಿಯಾದ ದ್ರವ 2 ಗಂಟೆ ಮೊದಲಿನವರೆಗೆ, ಎದೆಹಾಲು 4 ಗಂಟೆ, ಹಗುರ ತಿಂಡಿ ಮತ್ತು ಹಸುವಿನ ಹಾಲು 6 ಗಂಟೆ, ಎಣ್ಣೆ ತಿಂಡಿ ಮತ್ತು ಮಾಂಸ 8 ಗಂಟೆ ಅಥವಾ ಜಾಸ್ತಿ. ಯುರೋಪಿನ 2022ರ ಸೂಚನೆ ಮಕ್ಕಳಿಗೆ ತಿಳಿ ದ್ರವವನ್ನು 1 ಗಂಟೆ ಮೊದಲಿನವರೆಗೂ ಬಿಟ್ಟಿದೆ. ಸ್ಕಾಟ್ಲೆಂಡಿನಲ್ಲಿ ಇನ್ನೂ ಮುಂದೆ ಹೋಗಿ, ಥಿಯೇಟರಿಗೆ ಕರೆ ಬರುವವರೆಗೆ ಗುಟುಕು ಗುಟುಕು ನೀರು ಕೊಡುವ ಕ್ರಮ ಶುರುಮಾಡಿದರು.

ತಿಳಿಯಾದದ್ದು ಅಂದರೇನು? ಲೋಟದ ಆಚೆ ಉದಯವಾಣಿ ಹಿಡಿದರೆ ಅಕ್ಷರ ಓದಲು ಬರಬೇಕು. ನೀರು ಆಯಿತು. ಹಾಲಿಲ್ಲದ ಕಣ್ಣ ಚಾ ಆಯಿತು. ಹಾಲು ಹಾಕಿದ ಚಾ ಆಗದು. ಕುಚಲಕ್ಕಿ ಗಂಜಿ, "ಬರೇ ನೀರೇ ಅಲ್ವಾ" ಎಂದು ಎಷ್ಟು ಹೇಳಿದರೂ, ಊಟವೇ. ಗೋಳಿಬಜೆ, ಬನ್ಸ್ 8 ಗಂಟೆಯ ಸಾಲಿಗೆ. ಇಷ್ಟು ಓದಿ ನೀವೇ ತೀರ್ಮಾನ ಮಾಡಬೇಡಿ, ದಯವಿಟ್ಟು. ಮೂಳೆ ಮುರಿದ ನೋವಿನಲ್ಲಿ, ನೋವಿನ ಬಲವಾದ ಇಂಜೆಕ್ಷನ್ ಬಿದ್ದ ಮೇಲೆ ಹೊಟ್ಟೆ ನಿಧಾನವಾಗುತ್ತದೆ. ಗರ್ಭಿಣಿಯರ ಲೆಕ್ಕ ಬೇರೆ. ಆದರೆ "ಎಷ್ಟು ಗಂಟೆಯವರೆಗೆ ನೀರು ಕೊಡಬಹುದು?" ಎಂದು ಕೇಳಲು ಅಡ್ಡಿ ಇಲ್ಲ. ಆಪರೇಷನ್ ಮುಂದೆ ಹೋದರೆ ಮತ್ತೊಮ್ಮೆ ಕೇಳಿ. ನಾವು ಆ ಎರಡನೇ ಪ್ರಶ್ನೆ ಕೇಳಲಿಲ್ಲ.

ಈ ಲೆಕ್ಕಕ್ಕೆ ಈಚೆಗೆ ಹೊಸ ತಲೆನೋವು ಸೇರಿದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆಯ, ತೂಕ ಇಳಿಸುವ ಇಂಜೆಕ್ಷನ್‌ಗಳು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬವು. 2025ರಿಂದ ಇವು ನಮ್ಮಲ್ಲೂ ತೂಕ ಇಳಿಸಲು ಸಿಗುತ್ತಿವೆ. ಹಸಿವು ಕಡಿಮೆ ಮಾಡುವ ಜೊತೆಗೆ ಇವು ಹೊಟ್ಟೆ ಖಾಲಿಯಾಗುವುದನ್ನೂ ನಿಧಾನ ಮಾಡುತ್ತವೆ. ರಾತ್ರಿಯಿಂದ ಉಪವಾಸ ಇದ್ದವರ ಹೊಟ್ಟೆಯಲ್ಲೂ ನಿನ್ನೆಯ ಅನ್ನ ಸಿಗಬಹುದು. 2023ರಲ್ಲಿ ಅಮೆರಿಕದ ತಜ್ಞರು ಒಂದು ವಾರ ಮೊದಲೇ ನಿಲ್ಲಿಸಿ ಎಂದರು. 2024ರಲ್ಲಿ ಹೆಚ್ಚಿನವರು ಮುಂದುವರಿಸಬಹುದು, ಅಪಾಯ ಜಾಸ್ತಿ ಇರುವವರು ಹಿಂದಿನ ದಿನ ಬರೇ ದ್ರವಾಹಾರ ತೆಗೆದುಕೊಳ್ಳಲಿ ಎಂದು ಬದಲಿಸಿದರು. ಅನುಮಾನ ಇದ್ದರೆ ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ಒಳಗೇನಿದೆ ನೋಡುತ್ತಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಮಾತ್ರೆಗಳದ್ದು ಬೇರೆ ಕಥೆ. ಉಪವಾಸದಲ್ಲಿ ಅವು ರಕ್ತದಲ್ಲಿ ಆಮ್ಲ ಏರಿಸಬಹುದು, ಹಾಗಾಗಿ ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ತೂಕದ ಇಂಜೆಕ್ಷನ್ ತೆಗೆದುಕೊಳ್ಳುವುದನ್ನು ಮನೆಯವರಿಂದಲೇ ಮುಚ್ಚಿಡುವವರು ಇದ್ದಾರೆ. ಡಾಕ್ಟರಿಂದ ಮುಚ್ಚಿಡಬೇಡಿ.

ಹೆಸರು ಹತ್ತು ಸಲ

ಥಿಯೇಟರಿನ ಬಾಗಿಲಲ್ಲಿ ದೊಡ್ಡಮ್ಮನಿಗೆ ಸಿಟ್ಟು ಬಂದಿತ್ತು. "ಎಷ್ಟು ಸಲ ಹೆಸರು ಕೇಳ್ತೀರಿ, ಓದು ಬರುವುದಿಲ್ವಾ ನಿಮಗೆ?" ಹೆಸರು, ಯಾವ ಕಾಲು, ಯಾವ ಮದ್ದು ಆಗುವುದಿಲ್ಲ ಎಂದು ಮತ್ತೆ ಮತ್ತೆ ಕೇಳುವುದರ ಹಿಂದೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಪಟ್ಟಿ ಇದೆ. ದೆಹಲಿಯೂ ಸೇರಿ ಎಂಟು ಊರುಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು. ಒಂದು ಹಾಳೆ ಕಾಗದ. ಸಿಟ್ಟು ಬಂದರೂ ಉತ್ತರ ಹೇಳಿ.

ಆಪರೇಷನ್ ಆದ ಮೇಲಿನ ವಾಂತಿಗೂ ಒಂದು ಸರಳ ಲೆಕ್ಕ ಇದೆ. ಜರ್ಮನಿಯ ಆಪ್ಫೆಲ್ ಎಂಬ ವೈದ್ಯ ಮಾಡಿದ್ದು. ನಾಲ್ಕೇ ಪ್ರಶ್ನೆ: ಹೆಂಗಸಾ, ಬೀಡಿ ಸಿಗರೇಟು ಸೇದದವರಾ, ಹಿಂದೆ ಆಪರೇಷನ್ ಆದಾಗ ಅಥವಾ ಪ್ರಯಾಣದಲ್ಲಿ ವಾಂತಿ ಆಗುತ್ತಿತ್ತಾ, ಆಮೇಲೆ ನೋವಿಗೆ ಮಾರ್ಫಿನ್ ಜಾತಿಯ ಮದ್ದು ಬೇಕಾಗುತ್ತದಾ. ನಾಲ್ಕೂ ಹೌದಾದರೆ ವಾಂತಿಯ ಸಾಧ್ಯತೆ ಶೇ. 80ರ ಹತ್ತಿರ, ಒಂದೂ ಇಲ್ಲದಿದ್ದರೆ ಶೇ. 10. ಸೇದುವವರಿಗೆ ವಾಂತಿ ಕಡಿಮೆ ಎಂಬುದು ವಿಚಿತ್ರ, ಆದರೆ ನಿಜ. ಹಾಗೆಂದು ಸೇದಲು ಶುರುಮಾಡಬೇಡಿ, ಶ್ವಾಸಕೋಶಕ್ಕೆ ಆಗುವ ನಷ್ಟದ ಮುಂದೆ ಈ ಲಾಭ ಏನೇನೂ ಅಲ್ಲ. ಮೊದಲೇ ಗೊತ್ತಿದ್ದರೆ ವಾಂತಿ ತಡೆಯುವ ಎರಡು ಮೂರು ಮದ್ದು ಒಟ್ಟಿಗೆ ಕೊಟ್ಟು, ಅರಿವಳಿಕೆಯ ಗ್ಯಾಸ್ ಬಿಟ್ಟು ಪ್ರೊಪೊಫಾಲ್‌ನಲ್ಲೇ ಮುಗಿಸುತ್ತಾರೆ.

ಮರುದಿನವೇ ದೊಡ್ಡಮ್ಮನನ್ನು ವಾಕರ್ ಹಿಡಿಸಿ ನಿಲ್ಲಿಸಿದಾಗ ಮಾವ ಫಿಸಿಯೋಥೆರಪಿಯವರ ಮೇಲೆ ಹರಿಹಾಯ್ದರು. "ಮೂರು ತಿಂಗಳು ಮಂಚ ಬಿಡಬಾರದು" ಎಂದು ಕೇಳಿ ಬೆಳೆದವರು ಅವರು. ಮಲಗಿದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕೂರುತ್ತದೆ, ಸನ್ನಿ ಹೆಚ್ಚುತ್ತದೆ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲೇ ಬೇಗ ಉಣಿಸಿ, ಬೇಗ ನಡೆಸಿ, ಬೇಗ ಮನೆಗೆ ಕಳಿಸಿ ತೋರಿಸಿದ್ದರು.

ಈ ವರ್ಷ ಚಿಕ್ಕಮ್ಮನಿಗೆ ಮಂಗಳೂರಿನಲ್ಲಿ ಮೊಣಕಾಲಿನ ಆಪರೇಷನ್. ಚೀಲ ಕಟ್ಟಿದ್ದು ನಾನು. ಕನ್ನಡಕದ ಡಬ್ಬಿಯ ಮೇಲೆ ಹೆಸರು ಬರೆದೆ. ಕಿವಿಯ ಯಂತ್ರಕ್ಕೆ ಎರಡು ಜೊತೆ ಬ್ಯಾಟರಿ. ಕಾಟಿನ ಎದುರು ತೂಗಹಾಕಲು ದಿನಸಿ ಅಂಗಡಿಯ ದೊಡ್ಡ ಅಕ್ಷರದ ಕ್ಯಾಲೆಂಡರ್. ಬೆನ್ನಿಗೋ ಪೂರ್ತಿಯೋ ಎಂದು ಈ ಸಲ ಯಾರೂ ಜಗಳಾಡಲಿಲ್ಲ, ಮಾವನನ್ನು ಬಿಟ್ಟು.

ಹಿಂದಿನ ದಿನ ಅರಿವಳಿಕೆ ಡಾಕ್ಟರ್ ಬಂದರು. ನಮ್ಮ ಕಡೆಯವರೇ, ತುಳುವಿನಲ್ಲೇ ಮಾತಾಡಿದರು. ಮಾತ್ರೆಗಳ ಪಟ್ಟಿ ನೋಡಿದರು, ಬಾಯಿ ತೆರೆಸಿ ನೋಡಿದರು. ಕೊನೆಗೆ ಕೇಳಿದರು, "ಬಸ್ಸಲ್ಲಿ ಹೋದರೆ ವಾಂತಿ ಆಗ್ತದಾ? ಆಗುಂಬೆ ಘಾಟಿ, ಹಾಗೆ?"

"ಆಗುಂಬೆವರೆಗೆ ಯಾಕೆ ಡಾಕ್ಟ್ರೇ," ಎಂದರು ಚಿಕ್ಕಮ್ಮ, "ನನಗೆ ಮಣಿಪಾಲದ ಏರಿಗೇ ಆಗ್ತದೆ."

ಡಾಕ್ಟರ್ ನಗಲಿಲ್ಲ. ಫೈಲಿನಲ್ಲಿ ಬರೆದುಕೊಂಡರು.